ಪಿರಮಿಡ್ಡುಗಳ ನಾಡಿನಲ್ಲಿ ಒಂದು ದಿನ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಈಜಿಪ್ಟಿಗೆ ಹೋಗಿ ಬಂದವನೆಂಬ ಒಂದೇ ಅರ್ಹತೆಯಿಂದ ಕಾರ್ಯದರ್ಶಿಗಳು ನನ್ನನ್ನು ಈ ವೇದಿಕೆಯ ಮೇಲೆ ನಿಲ್ಲಿಸಿದ್ದಾರೆ. ನಾನು ಇತಿಹಾಸ ಓದಿದವನಲ್ಲ. ಬಿ.ಕಾಂ. ಮಾಡಿ, ಈ ಮುಂಬಯಿಯಲ್ಲಿ ಬ್ಯಾಂಕಿನ ಗುಮಾಸ್ತನಾಗಿ ಹೊಟ್ಟೆ ಹೊರೆಯುವವನು. ಆದುದರಿಂದ ಅಲ್ಲಿ ಕಂಡದ್ದನ್ನೆಲ್ಲ ಜಮಾಖರ್ಚು ಬರೆಯುವವನ ಕಣ್ಣಿನಿಂದಲೇ ಕಂಡೆ. ಹಾಗೆಯೇ ತಮ್ಮ ಮುಂದಿಡುತ್ತೇನೆ. ಪ್ರವಾಸದ ಎಲ್ಲ ದಿನಗಳ ಕಥೆ ಹೇಳಿ ತಮ್ಮ ತಾಳ್ಮೆಯನ್ನು ಪರೀಕ್ಷಿಸುವುದಿಲ್ಲ. ಒಂದೇ ದಿನದ ಸಂಗತಿ ಸಾಕು: ಬೆಳಿಗ್ಗೆ ಏಳಕ್ಕೆ ಕೈರೊ ನಗರದ ಹೋಟೆಲಿನಿಂದ ಹೊರಟು ಗೀಜಾ, ಮೆಂಫಿಸ್, ಸಕ್ಕಾರ ಎಂಬ ಮೂರು ಸ್ಥಳಗಳನ್ನು ನೋಡಿ ಸಂಜೆ ಮರಳಿದ ದಿನ. ನನ್ನೊಡನೆ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು. ಮಾರ್ಗದರ್ಶಿಯಾಗಿ ಬಂದವರು ಆ ನಾಡಿನವರೇ ಆದ ಒಬ್ಬ ತರುಣಿ. ಪ್ರಾಚೀನ ಈಜಿಪ್ಟಿನ ವಿಷಯವನ್ನೇ ಕಾಲೇಜಿನಲ್ಲಿ ಓದಿ, ಸರ್ಕಾರದ ಪರವಾನಗಿ ಪಡೆದವರು.

ಚಿತ್ರಗಳನ್ನು ನೋಡಿದವರು ಪಿರಮಿಡ್ಡುಗಳು ಎಲ್ಲಿಯೋ ನಿರ್ಜನವಾದ ಮರಳುಗಾಡಿನಲ್ಲಿವೆಯೆಂದು ಭಾವಿಸುವುದುಂಟು. ಸಂಗತಿ ಹಾಗಿಲ್ಲ. ಊರು ಬೆಳೆಯುತ್ತ ಬೆಳೆಯುತ್ತ ಅವುಗಳ ಬುಡಕ್ಕೇ ಬಂದು ನಿಂತಿದೆ. ಮಹಡಿಗಳ ಮೇಲೆ ಒಣಗಹಾಕಿದ ಬಟ್ಟೆಗಳ ಸಂದಿನಿಂದ ಮೊದಲ ಪಿರಮಿಡ್ಡು ಕಾಣಿಸಿಕೊಂಡಾಗ, ನಮ್ಮ ಚಾಳಿನ ಹಿಂದೆ ಯಾರೋ ಒಂದು ಬೆಟ್ಟವನ್ನು ತಂದಿಟ್ಟಂತೆ ತೋರಿತು. ನೈಲ್ ನದಿಯ ಪಶ್ಚಿಮ ದಡದಲ್ಲಿ, ಹಸುರು ಮುಗಿದು ಮರಳು ಆರಂಭವಾಗುವ ಅಂಚಿನಲ್ಲಿ ಇವು ಇವೆ. ಸೂರ್ಯ ಮುಳುಗುವ ದಿಕ್ಕು ಸತ್ತವರ ದಿಕ್ಕೆಂಬುದು ಆ ಜನರ ನಂಬಿಕೆ.

ಮೊದಲು ಅಂಕಿಗಳನ್ನು ಹೇಳಿಬಿಡುತ್ತೇನೆ. ಅದು ನನ್ನ ಕಸುಬು. ಖುಫು ಎಂಬ ದೊರೆಯ ಮಹಾ ಪಿರಮಿಡ್ಡಿಗೆ ಈಗ ಸುಮಾರು 4,600 ವರ್ಷ ವಯಸ್ಸು. ಕಟ್ಟಿದಾಗಿನ ಎತ್ತರ 146 ಮೀಟರಿಗೂ ಮಿಗಿಲು; ತುದಿಯ ಕಲ್ಲುಗಳು ಹೋಗಿ ಈಗ ಸುಮಾರು 138 ಮೀಟರು ಉಳಿದಿದೆ. ಬುಡದ ಒಂದೊಂದು ಮಗ್ಗುಲೂ ಸುಮಾರು 230 ಮೀಟರು ಉದ್ದ. ಅದಕ್ಕೆ ಹಿಡಿದಿರುವ ಕಲ್ಲುಗಳು ಸುಮಾರು 23 ಲಕ್ಷವೆಂದು ಅಂದಾಜು. ಕಟ್ಟಲು 20 ವರ್ಷ ಹಿಡಿಯಿತೆಂಬ ಹಳೆಯ ಹೇಳಿಕೆಯನ್ನು ಒಪ್ಪಿಕೊಂಡು ಬಸ್ಸಿನಲ್ಲಿಯೇ ಲೆಕ್ಕ ಹಾಕಿದೆ. ವರ್ಷದಲ್ಲಿ ಒಂದು ದಿನವೂ ರಜೆಯಿಲ್ಲದೆ ದಿನಕ್ಕೆ 315 ಕಲ್ಲು. ದಿನಕ್ಕೆ ಹತ್ತು ಗಂಟೆ ದುಡಿದರೆ ಎರಡು ನಿಮಿಷಕ್ಕೊಂದು ಕಲ್ಲು ತನ್ನ ಸ್ಥಳದಲ್ಲಿ ಕೂರಬೇಕು. ಒಂದೊಂದರ ತೂಕ ಸರಾಸರಿ ಎರಡೂವರೆ ಟನ್ನು. ಕಬ್ಬಿಣದ ಹತ್ಯಾರವಿಲ್ಲ, ರಾಟೆಯಿಲ್ಲ. ತಾಮ್ರದ ಉಳಿ, ಮರದ ಜಾರುಬಂಡಿ, ಹಗ್ಗ ಮತ್ತು ಮನುಷ್ಯರ ಭುಜ. ಈ ಲೆಕ್ಕವನ್ನು ಹಾಕಿದ ಮೇಲೆ ಪಿರಮಿಡ್ಡನ್ನು ನೋಡಿದರೆ ಅದು ಕಲ್ಲಿನ ರಾಶಿಯಾಗಿ ಕಾಣುವುದಿಲ್ಲ; ಒಂದು ದೊಡ್ಡ ಕಚೇರಿಯ ಕೆಲಸವಾಗಿ ಕಾಣುತ್ತದೆ.

ಒಳಕ್ಕೆ ಹೋಗಲು ಬೇರೆ ಟಿಕೆಟು ಬೇಕು. ಮಂಡಿನೋವಿನವರು, ಉಬ್ಬಸದವರು ಹೊರಗೇ ಉಳಿಯುವುದು ಮೇಲು. ಮೇಲಕ್ಕೇರುವ ಓಣಿಯ ಎತ್ತರ ನಾಲ್ಕಡಿಯಷ್ಟೇ. ಬೆನ್ನು ಬಗ್ಗಿಸಿಯೇ ಏರಬೇಕು. ಅದು ಮುಗಿದೊಡನೆ ಇದ್ದಕ್ಕಿದ್ದಂತೆ ಮಾಡು ಮೇಲಕ್ಕೆ ಹೋಗಿ, ಸುಮಾರು 47 ಮೀಟರು ಉದ್ದದ ಎತ್ತರವಾದ ಮೊಗಸಾಲೆ ತೆರೆದುಕೊಳ್ಳುತ್ತದೆ. ಅದರ ಕೊನೆಯಲ್ಲಿ ದೊರೆಯ ಕೋಣೆ. ಅದರ ಕಗ್ಗಲ್ಲುಗಳು 800 ಕಿಲೋಮೀಟರಿಗೂ ದೂರದ ಅಸ್ವಾನಿನಿಂದ ದೋಣಿಯಲ್ಲಿ ಬಂದವು. ಅಷ್ಟೆಲ್ಲ ಮಾಡಿದ ಕೋಣೆಯಲ್ಲಿ ಇರುವುದು ಮುಚ್ಚಳವಿಲ್ಲದ ಒಂದು ಬರಿಯ ಕಲ್ಲಿನ ತೊಟ್ಟಿ. ಗೋಡೆಯ ಮೇಲೆ ಒಂದಕ್ಷರವಿಲ್ಲ. ಆದರೆ ಅದರ ಮೇಲೆ, ಪ್ರವಾಸಿಗರನ್ನು ಬಿಡದ ಕಿರುಗೂಡುಗಳಲ್ಲಿ, ಕಲ್ಲೆಳೆದ ತಂಡದವರು ಕೆಂಪು ಬಣ್ಣದಲ್ಲಿ ತಮ್ಮ ತಂಡದ ಹೆಸರು ಬರೆದಿದ್ದಾರೆ. ಒಂದು ತಂಡದ ಹೆಸರು ‘ಖುಫುವಿನ ಗೆಳೆಯರು’. ದೊರೆಯ ಕೋಣೆಯಲ್ಲಿ ಅಕ್ಷರವಿಲ್ಲ. ಆಳುಗಳ ಗುರುತು ಉಳಿದಿದೆ.

ಅಕ್ಷರದ ಮಾತು ಬಂತು. ನನ್ನ ಭಾಷಣದ ನಿಜವಾದ ವಿಷಯ ಅದೇ.

ನಮ್ಮಂತೆ ಗೈಡಿನೊಡನೆ ಪಿರಮಿಡ್ಡು ನೋಡಿದವರಲ್ಲಿ ಬಹು ಹಳಬ, ಗ್ರೀಕ್ ಇತಿಹಾಸಕಾರ ಹೆರೊಡೊಟಸ್. ಕ್ರಿಸ್ತಪೂರ್ವ 5ನೆಯ ಶತಮಾನದ ಮನುಷ್ಯ. ಅವನು ಬಂದಾಗಲೇ ಪಿರಮಿಡ್ಡಿಗೆ ಎರಡು ಸಾವಿರ ವರ್ಷ ಕಳೆದಿತ್ತು. ಅಲ್ಲಿ ಕೊರೆದಿದ್ದ ಒಂದು ಬರಹವನ್ನು ಅವನ ದುಭಾಷಿ ಓದಿ ಹೇಳಿದನಂತೆ: ಕೆಲಸಗಾರರಿಗೆ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗಾಗಿಯೇ 1,600 ಟ್ಯಾಲೆಂಟು ಬೆಳ್ಳಿ ಖರ್ಚಾಯಿತೆಂದು. ಹೆರೊಡೊಟಸನಿಗೆ ಆ ಲಿಪಿ ಬಾರದು, ಹೇಳಿದ್ದನ್ನು ಬರೆದುಕೊಂಡ. ಕೆಲಸ ಮಾಡಿದವರು ಲಕ್ಷ ಮಂದಿಯೆಂದೂ ಬರೆದುಕೊಂಡ. ಅವನ ಮಾತನ್ನು ಜಗತ್ತು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ನಂಬಿತು. ಆಮೇಲಿನವರು ಇನ್ನೂ ಮುಂದೆ ಹೋದರು. ಮಧ್ಯಯುಗದ ಯೂರೋಪಿನಲ್ಲಿ ಪಿರಮಿಡ್ಡುಗಳು ಬೈಬಲಿನ ಯೋಸೇಫನು ಕಟ್ಟಿಸಿದ ಧಾನ್ಯದ ಕಣಜಗಳೆಂದು ನಂಬಿದ್ದರು. ಓದಲು ಬಾರದವನು ಗೈಡು ಹೇಳಿದ್ದನ್ನೇ ನಂಬಬೇಕಷ್ಟೆ.

ಓದಲು ಬಂದಾಗ ಏನಾಗುತ್ತದೆ? 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಫ್ರೆಂಚ್ ವಿದ್ವಾಂಸ ಪಿಯರ್ ತಲ್ಲೆ ಅವರ ತಂಡಕ್ಕೆ ಪಪೈರಸ್ ಕಾಗದದ ತುಣುಕುಗಳು ದೊರೆತವು. ಬರಹವಿರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತಿ ಹಳೆಯವು ಇವೇ, ಖುಫುವಿನ ಕಾಲದವೇ. ಅವುಗಳಲ್ಲಿ ಮೆರೆರ್ ಎಂಬ ಮೇಸ್ತ್ರಿಯ ದಿನಚರಿಯಿದೆ. ಸುಮಾರು 40 ಆಳುಗಳ ತಂಡ ಅವನದು. ನದಿಯಾಚೆಯ ತುರಾ ಗಣಿಯಿಂದ ಬಿಳಿಯ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ತರುವುದು ಅವನ ಕೆಲಸ. ಹತ್ತು ದಿನಕ್ಕೆ ಎರಡು ಮೂರು ಸಾರಿ ಹೋಗಿ ಬರುವುದು. ಇಂಥ ದಿನ ಕಲ್ಲು ತುಂಬಿದೆವು, ಇಂಥ ದಿನ ಹೊರಟೆವು, ರಾತ್ರಿ ಇಂಥಲ್ಲಿ ತಂಗಿದೆವು, ಇಷ್ಟೇ. ಜೊತೆಯಲ್ಲಿ ಲೆಕ್ಕದ ಹಾಳೆಗಳೂ ಇವೆ: ಬರಬೇಕಾದುದು, ಬಂದದ್ದು, ಬಾಕಿ. ಕೆಂಪು ಮಸಿ, ಕಪ್ಪು ಮಸಿ. ಮಹನೀಯರೆ, ನಾನು ದಿನವೂ ಮಾಡುವ ಕೆಲಸ ಇದಕ್ಕಿಂತ ಬೇರೆಯಲ್ಲ. ಪಿರಮಿಡ್ಡನ್ನು ಕಂಡು ಆದ ಬೆರಗಿಗಿಂತ ‘ಬಾಕಿ’ ಎಂಬ ಕಲಮಿನ ಮಾತು ಕೇಳಿ ಆದ ಸಲಿಗೆಯೇ ನನಗೆ ಹೆಚ್ಚಿನದಾಯಿತು.

1990ರಲ್ಲಿ ಒಂದು ಕುದುರೆಯ ಕಾಲು ಮಣ್ಣಿನಿಟ್ಟಿಗೆಯ ಗೋಡೆಗೆ ಎಡವಿದ್ದರಿಂದ ಆ ಕೆಲಸಗಾರರ ಸಮಾಧಿಗಳೂ ಬೆಳಕಿಗೆ ಬಂದವು. ಮುರಿದ ಎಲುಬುಗಳನ್ನು ಕಟ್ಟಿ ಕೂಡಿಸಿದ ಗುರುತು ಅಲ್ಲಿನ ಅಸ್ಥಿಗಳಲ್ಲಿದೆ. ಹೆಸರು ಹುದ್ದೆಗಳೊಡನೆ, ದೊರೆಯ ಸಮಾಧಿಯ ನೆರೆಯಲ್ಲಿಯೇ ಅವರನ್ನು ಹೂಳಿದ್ದಾರೆ. ಗುಲಾಮರಿಗೆ ಇಂಥ ಮರ್ಯಾದೆ ಸಲ್ಲುವುದಿಲ್ಲ. ಅವರ ಸಂಖ್ಯೆಯೂ ಲಕ್ಷವಲ್ಲ, ಇಪ್ಪತ್ತು ಮೂವತ್ತು ಸಾವಿರದೊಳಗೆ ಎಂಬುದು ಈಗಿನ ಅಂದಾಜು. ಚಾಟಿಯೇಟಿನ ಕಥೆಗಳನ್ನು ಕೇಳಿ ಬೆಳೆದ ನಮಗೆ ಇದು ದೊಡ್ಡ ತಿದ್ದುಪಡಿ.

ನಡುವೆ ಲೌಕಿಕದ ಎರಡು ಮಾತು. ಒಂಟೆಯವರೊಡನೆ ಹತ್ತುವ ಬೆಲೆಯನ್ನಷ್ಟೇ ಅಲ್ಲ, ಇಳಿಯುವ ಬೆಲೆಯನ್ನೂ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಬಕ್ಷೀಸು ಎಂಬ ಮಾತಿಗೆ ಅಲ್ಲಿ ಅನುವಾದ ಬೇಕಿಲ್ಲ. ಸಸ್ಯಾಹಾರಿಗಳು ಅಂಜಬೇಕಾಗಿಲ್ಲ: ಅನ್ನ, ಬೇಳೆ, ಕಡಲೆ, ಮ್ಯಾಕರೋನಿ ಬೆರೆಸಿ ಮೇಲೆ ಹುರಿದ ಈರುಳ್ಳಿ, ಟೊಮೆಟೊ ಸಾರು ಹಾಕಿ ಕೊಡುವ ಕೊಶರಿ ಎಂಬ ತಿನಿಸು ಬೀದಿಬೀದಿಗಳಲ್ಲಿ ಸಿಗುತ್ತದೆ. ನನ್ನ ಹೆಂಡತಿ ಅದಕ್ಕೆ ಮನೆಯಿಂದ ತಂದ ಚಟ್ನಿಪುಡಿಯ ಸಂಸ್ಕಾರ ಮಾಡಿದ ಮೇಲೆ ಅದು ನಮ್ಮದೇ ಆಯಿತು.

ಮೆಂಫಿಸ್ ಒಂದು ಕಾಲದ ರಾಜಧಾನಿ. ಈಗ ಖರ್ಜೂರದ ತೋಪು. ಎರಡನೆಯ ರಾಮ್ಸೆಸ್ ದೊರೆಯ ಸುಮಾರು ಹತ್ತು ಮೀಟರು ಉದ್ದದ ವಿಗ್ರಹವೊಂದು ಪಾದಗಳಿಲ್ಲದೆ ಅಂಗಾತ ಮಲಗಿದೆ. ಅಲ್ಲಿಂದ ಸಕ್ಕಾರ. ಇಮ್ಹೊಟೆಪ್ ಎಂಬ ಮಂತ್ರಿ ತನ್ನ ದೊರೆ ಜೋಸರನಿಗಾಗಿ ಕಟ್ಟಿಸಿದ ಆರು ಮೆಟ್ಟಿಲಿನ ಪಿರಮಿಡ್ಡು ಇಲ್ಲಿದೆ. ಪಿರಮಿಡ್ಡುಗಳಲ್ಲೆಲ್ಲ ಇದೇ ಮೊದಲನೆಯದು. ಹತ್ತಿರದಲ್ಲಿಯೇ ಮೆರೆರುಕ ಎಂಬ ಅಧಿಕಾರಿಯ ಸಮಾಧಿ. ಅದರ ಗೋಡೆಯ ಮೇಲೆ ತೆರಿಗೆ ಬಾಕಿ ಉಳಿಸಿಕೊಂಡವರನ್ನು ಹಿಡಿತಂದು ಹೊಡೆಯುವ ಚಿತ್ರವಿದೆ. ಪಕ್ಕದಲ್ಲಿ ಗುಮಾಸ್ತರು ತಲೆಯೆತ್ತದೆ ಬರೆಯುತ್ತ ಕುಳಿತಿದ್ದಾರೆ. ಸಾಲ ವಸೂಲಿಯ ವಿಭಾಗದ ನಮ್ಮ ಮಿತ್ರರೊಬ್ಬರಿಗೆ ಇದರ ಫೋಟೋ ತಂದುಕೊಟ್ಟಿದ್ದೇನೆ.

ಆಮೇಲೆ ಉನಾಸ್ ದೊರೆಯ ಪಿರಮಿಡ್ಡಿಗೆ ಇಳಿದೆವು. ಹೊರಗೆ ಕಲ್ಲುಗುಡ್ಡೆ, ಒಳಗೆ ನಕ್ಷತ್ರ ಕೆತ್ತಿದ ಮಾಡು, ಗೋಡೆಯ ತುಂಬ ನೀಲಿ ಬಣ್ಣದ ಅಕ್ಷರಗಳು. ಪಿರಮಿಡ್ಡಿನೊಳಗೆ ಮಂತ್ರಗಳನ್ನು ಬರೆದದ್ದು ಇಲ್ಲಿಯೇ ಮೊದಲು, ಸುಮಾರು 4,300 ವರ್ಷಗಳ ಹಿಂದೆ. ದೊರೆಯ ಹೆಸರು ಮೊಲದ ಚಿತ್ರದಿಂದ ಆರಂಭವಾಗುತ್ತದೆ, ನೀರಿನ ಅಲೆ ‘ನ’ಕಾರ ಎಂದು ಆ ತರುಣಿ ತೋರಿಸಿಕೊಟ್ಟದ್ದೇ ತಡ, ನನ್ನ ಮಗಳು ಗೋಡೆಯಿಂದ ಗೋಡೆಗೆ ಹೋಗಿ “ಇಲ್ಲಿ ಮೊಲ! ಇಲ್ಲೂ ಮೊಲ!” ಎಂದು ದೊರೆಯ ಹೆಸರನ್ನು ಎಣಿಸತೊಡಗಿದಳು. “ಅಕ್ಕಾ, ನಿಮ್ಮ ಮನೆಯಲ್ಲಿ ಎಲ್ಲರಿಗೂ ಇದು ಓದಲು ಬರುತ್ತದೆಯೆ?” ಎಂದು ಕೇಳಿದಳು. ನಾನು ಇಂಗ್ಲಿಷಿಗೆ ಮಾಡಿ ಹೇಳಿದೆ. ಆಕೆ ನಕ್ಕು, “ಯಾರಿಗೂ ಬಾರದು. ನಮ್ಮಜ್ಜಿಗೂ ಬಾರದು, ಅವರಜ್ಜಿಗೂ ಬಾರದು. ನಾನು ಕಾಲೇಜಿನಲ್ಲಿ ಕಲಿತೆ, ಅದೂ ಹೆಚ್ಚಾಗಿ ಹೊರನಾಡಿನವರು ಬರೆದ ಪುಸ್ತಕಗಳಿಂದ” ಎಂದಳು. ನಗುತ್ತಲೇ ಹೇಳಿದ ಮಾತು. ಆದರೂ ನನ್ನ ಮನಸ್ಸಿನಲ್ಲಿ ನಾಟಿತು.

ಇತಿಹಾಸ ಹೀಗಿದೆ. ಆ ಚಿತ್ರಲಿಪಿಯಲ್ಲಿ ಕೊರೆದ ಕಡೆಯ ಶಾಸನ ಕ್ರಿ.ಶ. 394ರದು, ಫಿಲೆ ಎಂಬ ದ್ವೀಪದಲ್ಲಿದೆ. ಮೂರು ಸಾವಿರ ವರ್ಷಕ್ಕೂ ಮೇಲೆ ಬಾಳಿದ ಲಿಪಿಯನ್ನು ಓದಬಲ್ಲವರು ಕ್ರಮೇಣ ಯಾರೂ ಉಳಿಯಲಿಲ್ಲ. ಸುಮಾರು ಸಾವಿರದ ನಾನೂರು ವರ್ಷಗಳಾದ ಮೇಲೆ, 1822ರಲ್ಲಿ, ಶಾಂಪೋಲಿಯೋ ಎಂಬ ಫ್ರೆಂಚ್ ಪಂಡಿತ ರೊಸೆಟ್ಟಾ ಶಿಲೆಯ ನೆರವಿನಿಂದಲೂ, ಆ ಭಾಷೆಯ ಕಡೆಯ ಕುಡಿಯಾಗಿ ಚರ್ಚಿನ ಪ್ರಾರ್ಥನೆಗಳಲ್ಲಿ ಉಳಿದಿದ್ದ ಕಾಪ್ಟಿಕ್ಕಿನ ನೆರವಿನಿಂದಲೂ ಅದನ್ನು ಮತ್ತೆ ಓದಿದನು. ನಮ್ಮ ಹಲ್ಮಿಡಿ ಶಾಸನ ಸುಮಾರು 450ರದೆಂದು ತಾವೆಲ್ಲ ಬಲ್ಲಿರಿ. ಅಂದರೆ ಅಲ್ಲಿ ಒಂದು ಲಿಪಿ ಕಲ್ಲಿನ ಮೇಲೆ ಕಡೆಯ ಮಾತು ಬರೆದು ಅರುವತ್ತು ವರ್ಷ ತುಂಬುವುದರೊಳಗೆ, ಇಲ್ಲಿ ನಮ್ಮ ನುಡಿ ಕಲ್ಲಿನ ಮೇಲೆ ಕಾಣಿಸಿಕೊಳ್ಳುತ್ತಿತ್ತು.

ಆ ನಾಡಿಗೂ ಕನ್ನಡಕ್ಕೂ ನಂಟಿನ ಒಂದು ಎಳೆಯೂ ಇದೆ. ಕೈರೊದ ದಕ್ಷಿಣಕ್ಕಿರುವ ಆಕ್ಸಿರಿಂಕಸ್ ಎಂಬ ಹಳೆಯ ಊರಿನ ತಿಪ್ಪೆಗಳಲ್ಲಿ ಸಿಕ್ಕ ಪಪೈರಸ್‌ಗಳಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಹೆಣ್ಣಿನ ಕಥೆ. ಅದರಲ್ಲಿ ಭಾರತೀಯ ಪಾತ್ರಗಳು ಆಡುವ ಮಾತು ಕನ್ನಡವಿರಬಹುದೆಂದು 1904ರಲ್ಲಿ ಜರ್ಮನಿಯ ಶಾಸನತಜ್ಞ ಹುಲ್ಟ್ಸ್ ಸೂಚಿಸಿದರು, ನಮ್ಮ ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ವಿಷಯವಾಗಿ ಶ್ರಮಿಸಿದರು. ವಿದ್ವಾಂಸರೆಲ್ಲರೂ ಇದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಆ ವಾದ ನಡೆಯಬೇಕಾದರೂ ಕನ್ನಡ ಓದಬಲ್ಲವರು ಬೇಕಷ್ಟೆ.

ಇದನ್ನೆಲ್ಲ ಇಲ್ಲಿ ಏಕೆ ಹೇಳುತ್ತಿದ್ದೇನೆ? ಕೆಲವು ತಿಂಗಳ ಹಿಂದೆ ನಮ್ಮ ಕೌಂಟರಿಗೆ ಒಬ್ಬ ತರುಣರು ಬಂದರು. ತೀರಿಕೊಂಡ ತಂದೆಯ ಖಾತೆಯ ಕೆಲಸ ಮುಗಿದ ಮೇಲೆ, ನಾನು ಕನ್ನಡಿಗನೆಂದು ತಿಳಿದು, ಚೀಲದಿಂದ ಒಂದು ಹಳೆಯ ನೋಟುಬುಕ್ಕು ತೆಗೆದರು. “ಸಾಹೇಬರೆ, ಅಪ್ಪ ಬರೆದದ್ದು. ನನಗೆ ಮಾತು ಬರುತ್ತದೆ, ಓದಲು ಬಾರದು. ಸ್ವಲ್ಪ ಓದಿ ಹೇಳುವಿರಾ?” ಎಂದರು. ಊಟದ ಹೊತ್ತಿನಲ್ಲಿ ಕುಳಿತು ಓದಿದೆ. ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೆ ಬಂದ ಹುಡುಗನೊಬ್ಬನ ಲೆಕ್ಕ ಅದು: ಸಂಬಳ, ಊರಿಗೆ ಮನಿಯಾರ್ಡರು, ತಂಗಿಯ ಮದುವೆಯ ಸಾಲ, ತೀರಿದ್ದು, ಬಾಕಿ. ಮಗ ಹುಟ್ಟಿದ ತಿಂಗಳಲ್ಲಿ ‘ಸಕ್ಕರೆ ಹಂಚಿದ್ದು’ ಎಂದು ಒಂದು ಖರ್ಚು. ಅದನ್ನು ಓದಿದಾಗ ಆತ ಮುಖ ಆ ಕಡೆ ತಿರುಗಿಸಿಕೊಂಡರು. ನಾನು ಇದ್ದದ್ದನ್ನೇ ಓದಿದೆ. ಬೇರೇನು ಓದಿದ್ದರೂ ಆತ ನಂಬಬೇಕಾಗಿತ್ತು. ತನ್ನ ತಂದೆಯ ಮಾತಿಗೆ ಮಗನಿಗೆ ಗೈಡು ಬೇಕಾಯಿತು.

ಆ ಲಿಪಿ ಹೋದದ್ದು ಯಾರೋ ಒಂದು ದಿನ ಅದನ್ನು ಅಳಿಸಿಹಾಕಿದ್ದರಿಂದಲ್ಲ. ಗುಡಿಗಳು ಒಂದೊಂದಾಗಿ ಮುಚ್ಚಿದವು, ಬರೆಯಲು ಸುಲಭವಾದ ಬೇರೆ ಅಕ್ಷರ ಬಂತು, ಮಕ್ಕಳಿಗೆ ಕಲಿಸುವವರು ಇಲ್ಲವಾದರು. ಕಲ್ಲು ನಿಂತೇ ಇತ್ತು. ಕನ್ನಡಕ್ಕೆ ಊರಿನಲ್ಲಿ ಕೋಟ್ಯಂತರ ಜನರಿದ್ದಾರೆ. ಅದು ಅಳಿಯುವುದೆಂದು ನಾನು ಹೇಳುವುದಿಲ್ಲ. ಆದರೆ ಹೊರನಾಡಿನ ಒಂದೊಂದು ಮನೆಯ ಮಟ್ಟಿಗೆ ಅದು ಒಂದೇ ತಲೆಮಾರಿನಲ್ಲಿ ಅಳಿಯಬಹುದು. ಇಲ್ಲಿ ಮರಾಠಿಯೂ ಇಂಗ್ಲಿಷೂ ಮಕ್ಕಳಿಗೆ ಬೇಕು, ಅವು ಅನ್ನ ಕೊಡುವ ಭಾಷೆಗಳು, ಅವುಗಳೊಡನೆ ಜಗಳವಿಲ್ಲ. ವಾರಕ್ಕೆ ಒಂದು ಗಂಟೆಯ ಮಾತು ಇದು. ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಗೆ ಹೆಸರು ಬರೆಸಿದವರು ಹೆಚ್ಚು, ಬರುವವರು ಕಡಮೆ. ಪಾಠದ ಪುಸ್ತಕ ಬೇಸರವಾದರೆ ಅಜ್ಜನ ಕಾಗದ, ಅಜ್ಜಿಯ ಅಡುಗೆಯ ಚೀಟಿ, ಅಪ್ಪನ ಲೆಕ್ಕದ ಪುಸ್ತಕ ಮಕ್ಕಳ ಕೈಯಲ್ಲಿ ಕಳುಹಿಸಿಕೊಡಿ, ಅದನ್ನೇ ಓದಿಸೋಣ.

ಗೀಜಾದ ಹತ್ತಿರ ಹೊಸದಾಗಿ ಕಟ್ಟಿದ ಮಹಾ ವಸ್ತುಸಂಗ್ರಹಾಲಯವನ್ನು ಆ ಜನ ವಿಧ್ಯುಕ್ತವಾಗಿ ಉದ್ಘಾಟಿಸಿದ್ದು 2025ರ ನವೆಂಬರ್ 1ರಂದು. ಅಂದು ನಮ್ಮ ರಾಜ್ಯೋತ್ಸವ. ತಮ್ಮ ಹಿರಿಯರು ಬಿಟ್ಟುಹೋದದ್ದನ್ನು ಅವರು ದೊಡ್ಡ ಮನೆ ಕಟ್ಟಿ ಕಾಪಾಡುತ್ತಿದ್ದಾರೆ. ಅದು ಮೆಚ್ಚತಕ್ಕ ಕೆಲಸ. ನಮ್ಮ ಹಿರಿಯರದನ್ನು ಕಾಪಾಡಲು ಸದ್ಯಕ್ಕೆ ಕಟ್ಟಡ ಬೇಕಾಗಿಲ್ಲ, ಒಂದು ಸ್ಲೇಟು ಬಳಪ ಸಾಕು. ತರಗತಿ ಭಾನುವಾರ ಹತ್ತು ಗಂಟೆಗೆ. ನಾನೂ ಕಲಿಸಲು ಬರುತ್ತೇನೆ.



ಸಿರಿಗನ್ನಡಂ ಗೆಲ್ಗೆ.