ಜೋಕಾಲಿಯ ಲೆಕ್ಕ ಕನ್ನಡದಲ್ಲಿ ಹೇಳಿ ನೋಡಿ!

(ಭೌತಶಾಸ್ತ್ರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ತೆಗೆದು, ಇಂದು ವಿಶ್ವವಿದ್ಯಾಲಯದ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕುಳಿತವರೇ, ಈ ಮಾತು ನಿಮಗೆ.

ಕ್ಲಾಸಿಕಲ್ ಮೆಕ್ಯಾನಿಕ್ಸ್ ಶುರುವಾದೊಡನೆ ನಮ್ಮಲ್ಲಿ ಅನೇಕರ ಧೈರ್ಯ ಕುಸಿಯುತ್ತದೆ. ನ್ಯೂಟನ್ನನ ಮೂರು ನಿಯಮ ಗೊತ್ತಿತ್ತು. ಈಗ ಲಗ್ರಾಂಜ್, ಹ್ಯಾಮಿಲ್ಟನ್, ಬೋರ್ಡಿನ ತುಂಬ ತಲೆಯ ಮೇಲೆ ಚುಕ್ಕೆ ಹೊತ್ತ ಅಕ್ಷರಗಳು! 'ನನಗೆ ಇಂಗ್ಲಿಷ್ ಬಾರದು, ಅದಕ್ಕೇ ಇದು ತಲೆಗೆ ಹತ್ತುವುದಿಲ್ಲ' ಎಂದುಕೊಳ್ಳುತ್ತೀರಿ.

ನಾನೂ ಹಾಗೇ ಅಂದುಕೊಂಡಿದ್ದೆ. ಮೊದಲ ಕಿರುಪರೀಕ್ಷೆಯಲ್ಲಿ 25ಕ್ಕೆ 4 ಅಂಕ. ಊರಿನ ಬಸ್ಸು ಹತ್ತಲು ಚೀಲ ಕಟ್ಟಿದೆ. ಹಾಸ್ಟೆಲಿನ ಸೀನಿಯರ್ ಒಬ್ಬರು ಬಾಗಿಲಲ್ಲಿ ನಿಂತು, 'ಹೋಗೋದಾದ್ರೆ ಹೋಗಪ್ಪ. ಹೋಗೋ ಮುಂಚೆ ಆ ಲೋಲಕದ ಲೆಕ್ಕ ಏನು ಅಂತ ನಂಗೆ ಕನ್ನಡದಲ್ಲಿ ಹೇಳು' ಎಂದರು. ಬಾಯಿ ಬರಲಿಲ್ಲ. ಆಗ ತಿಳಿಯಿತು: ನಾನು ಅರ್ಥವಾಗದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ!

ಅವರು ಕೂರಿಸಿಕೊಂಡು ಹೇಳಿದ್ದು ಇಷ್ಟು. ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ನ್ಯೂಟನ್ನನ ದಾರಿಯಲ್ಲಿ ಹೋದರೆ ಹಗ್ಗದ ಬಿಗಿತ, ಭೂಮಿಯ ಎಳೆತ ಎಲ್ಲವನ್ನೂ ದಿಕ್ಕು ದಿಕ್ಕಿಗೆ ಬಿಡಿಸಬೇಕು. ಲಗ್ರಾಂಜ್ ಕೇಳುವ ಪ್ರಶ್ನೆಯೇ ಬೇರೆ. ಹಗ್ಗದ ಕಟ್ಟುಪಾಡು ಬಂದ ಮೇಲೆ ಜೋಕಾಲಿಗೆ ಉಳಿದ ಸ್ವಾತಂತ್ರ್ಯ ಎಷ್ಟು? ಒಂದೇ ಒಂದು: ಹಗ್ಗ ವಾಲುವ ಕೋನ. ಆ ಕೋನದಲ್ಲೇ ಚಲನ ಶಕ್ತಿ ಬರೆಯಿರಿ. ಅದರಿಂದ ಪ್ರಚ್ಛನ್ನ ಶಕ್ತಿ ಕಳೆಯಿರಿ. ಉಳಿದದ್ದೇ ಲಗ್ರಾಂಜಿಯನ್! ಅದನ್ನು ಸಮೀಕರಣಕ್ಕೆ ಹಾಕಿದರೆ ಹಗ್ಗದ ಬಿಗಿತ ಲೆಕ್ಕಕ್ಕೇ ಬರುವುದಿಲ್ಲ, ಕುಳಿತವರ ರಾಶಿಯೂ ಹೊಡೆದುಹೋಗುತ್ತದೆ. ಸಣ್ಣ ತೂಗಾಟವಾದರೆ, 1 ಮೀಟರ್ ಹಗ್ಗ ಹೋಗಿ ಬರಲು ಸುಮಾರು 2 ಸೆಕೆಂಡ್, 4 ಮೀಟರ್ ಹಗ್ಗಕ್ಕೆ ಸುಮಾರು 4 ಸೆಕೆಂಡ್. ಅಜ್ಜಿ ಕೂತರೂ ಮೊಮ್ಮಗಳು ಕೂತರೂ ಹೆಚ್ಚುಕಡಿಮೆ ಅಷ್ಟೇ!

ಒಂದು ಲೋಲಕದ ತುದಿಗೆ ಇನ್ನೊಂದನ್ನು ಕಟ್ಟಿ. ಎರಡು ಕೋನ, ಎರಡು ಸಮೀಕರಣ. ಲೆಕ್ಕ ಉದ್ದವಾಗುತ್ತದೆ, ಆದರೆ ದಾರಿ ಅದೇ. ಸ್ವಾತಂತ್ರ್ಯ ಎಣಿಸು, ಶಕ್ತಿ ಬರೆ, ಸಮೀಕರಣಕ್ಕೆ ಹಾಕು. ಇದರಲ್ಲಿ ಇಂಗ್ಲಿಷ್ ಎಲ್ಲಿದೆ?

ಈ ಶಾಸ್ತ್ರ ಒಂದೇ ಭಾಷೆಯ ಸೊತ್ತೂ ಅಲ್ಲ. ಗೆಲಿಲಿಯೋ 1632ರಲ್ಲಿ ತನ್ನ ಸಂವಾದ ಗ್ರಂಥವನ್ನು ಪಂಡಿತರ ಲ್ಯಾಟಿನ್ ಬಿಟ್ಟು ಜನರ ಇಟಾಲಿಯನ್ನಿನಲ್ಲಿ ಬರೆದ. ಇಂಗ್ಲಿಷರವನೇ ಆದ ನ್ಯೂಟನ್ 1687ರಲ್ಲಿ ತನ್ನ 'ಪ್ರಿನ್ಸಿಪಿಯಾ' ಬರೆದದ್ದು ಲ್ಯಾಟಿನ್ನಿನಲ್ಲಿ. ಅದು ಇಂಗ್ಲಿಷಿಗೆ ಬಂದದ್ದು 1729ರಲ್ಲಿ! ಫ್ರೆಂಚರಿಗೆ ಅದನ್ನು ಅವರ ನುಡಿಯಲ್ಲಿ ಕೊಟ್ಟವಳು ಎಮಿಲಿ ದು ಶಾತ್ಲೆ ಎಂಬ ಹೆಣ್ಣುಮಗಳು. ಆಕೆಯ ಪೂರ್ತಿ ಅನುವಾದ ಅಚ್ಚಾಗಿ ಬಂದದ್ದು 1759ರಲ್ಲಿ, ಆಕೆ ತೀರಿಕೊಂಡ ಹತ್ತು ವರ್ಷದ ನಂತರ. ಇಟಲಿಯ ಟ್ಯೂರಿನ್‌ನಲ್ಲಿ ಹುಟ್ಟಿದ ಲಗ್ರಾಂಜನ ಮಹಾಗ್ರಂಥ 1788ರಲ್ಲಿ ಬಂದದ್ದು ಫ್ರೆಂಚಿನಲ್ಲಿ. ಅವರವರು ಅವರವರ ನುಡಿಗೆ ತಂದುಕೊಂಡರು. ನಾವು ಮಾತ್ರ ಕೀಳರಿಮೆಯಿಂದ ಕೈಕಟ್ಟಿ ಕೂರಬೇಕೇ?

ಇಂಗ್ಲಿಷ್ ಪುಸ್ತಕ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಓದಿ, ಚೆನ್ನಾಗಿಯೇ ಓದಿ. ಪರೀಕ್ಷೆ ಬರೆಯುವ ಭಾಷೆಯನ್ನೂ ಕಲಿಯಿರಿ. ಆದರೆ ಪುಸ್ತಕ ಮುಚ್ಚಿದ ಮೇಲೆ ಪಕ್ಕದ ಮಂಚದವನಿಗೆ ಆ ಲೆಕ್ಕವನ್ನು ಕನ್ನಡದಲ್ಲಿ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲೇ ನಿಮಗೆ ಅರ್ಥವಾಗಿಲ್ಲ. ಅಲ್ಲಿಗೆ ಮತ್ತೆ ಹೋಗಿ. ವಾರಕ್ಕೆ ಎರಡು ಲೆಕ್ಕ ಸಾಕು. ಪಾಸಾದವರೇ, ನೀವು ಕಿರಿಯರ ಕೋಣೆಯ ಬಾಗಿಲು ತಟ್ಟಿ. ಕನ್ನಡ ಉಳಿಸುವ ಕೆಲಸ ಬೀದಿಯಲ್ಲಿ ಮಾತ್ರವಲ್ಲ, ಅಲ್ಲೂ ಇದೆ.

ಆ ರಾತ್ರಿ ನಾನು ಕಟ್ಟಿದ ಚೀಲ ಬಿಚ್ಚಿದೆ. ನೀವು ಕಟ್ಟಲೇಬೇಡಿ!