ಸುಸ್ತಿಗೆ ಮೊದಲು ಕಾರಣ, ಆಮೇಲೆ ಪಥ್ಯ



ಆರೋಗ್ಯದ ಬಗ್ಗೆ ಯಾವುದೇ ಕಾರ್ಯಕ್ರಮ ಪ್ರಸಾರವಾದರೂ ಮರುದಿನದಿಂದ ನಮ್ಮ ಕಚೇರಿಗೆ ಬರುವ ಪ್ರಶ್ನೆಗಳಲ್ಲಿ ಮೂರು ದೂರುಗಳು ಜೊತೆಜೊತೆಯಾಗಿಯೇ ಇರುತ್ತವೆ. "ಊಟವಾದರೆ ಸಾಕು, ಹೊಟ್ಟೆ ಉಬ್ಬರ" ಎಂಬುದು ಮೊದಲನೆಯದು. "ಹಾರ್ಮೋನು ಏರುಪೇರಾಗಿದೆಯಂತೆ" ಎಂಬುದು ಎರಡನೆಯದು. "ಬೆಳಿಗ್ಗೆ ಏಳುವಾಗಲೇ ಸುಸ್ತು" ಎಂಬುದು ಮೂರನೆಯದು. ಕೊನೆಯಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: "ಇಂಗ್ಲಿಷ್ ಔಷಧಿ ತಿಂದು ಸಾಕಾಗಿದೆ, ಪ್ರಕೃತಿ ಚಿಕಿತ್ಸೆಯಲ್ಲಿ ಇದಕ್ಕೆ ಏನಾದರೂ ಉಂಟೆ?"

ಉಂಟು. ಆದರೆ ಅದು ಎಲ್ಲಿ ಉಂಟು, ಎಲ್ಲಿ ಇಲ್ಲ ಎಂಬುದನ್ನು ತಿಳಿಯದೆ ಹೊರಟರೆ ಅಪಾಯವೂ ಉಂಟು. ನಾನು ವೈದ್ಯನಲ್ಲ. ವಿಜ್ಞಾನದ ಪದವಿ ಪಡೆದು, ವೈದ್ಯರ ಮುಂದೆ ಕ್ಯಾಮೆರಾ ಇಟ್ಟು ಪ್ರಶ್ನೆ ಕೇಳುವ ಕೆಲಸ ನನ್ನದು. ಹಾಗೆ ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಪ್ರಕೃತಿ ಚಿಕಿತ್ಸೆ ಎಂದೊಡನೆ ಗಾಂಧೀಜಿ ನೆನಪಾಗುವುದು ಸಹಜ. ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರನ್ನು ಕಾಡುತ್ತಿದ್ದುದು ಮಲಬದ್ಧತೆ ಮತ್ತು ತಲೆನೋವು. ಜರ್ಮನಿಯ ಲೂಯಿ ಕೂನೆಯ ಕಟಿಸ್ನಾನವನ್ನು ಅವರು ಮಾಡಿ ನೋಡಿದರು. ಅಡಾಲ್ಫ್ ಜಸ್ಟ್‌ನ ಪುಸ್ತಕ ಓದಿ ಹೊಟ್ಟೆಗೆ ಮಣ್ಣಿನ ಪಟ್ಟಿ ಕಟ್ಟಿಕೊಂಡರು. ಗುಣ ಕಂಡಿತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂದೆ 1946ರಲ್ಲಿ ಪುಣೆಯ ಸಮೀಪದ ಉರುಳಿಕಾಂಚನದಲ್ಲಿ ಬಡವರಿಗಾಗಿ ನಿಸರ್ಗೋಪಚಾರ ಆಶ್ರಮವನ್ನೂ ತೆರೆದರು.

ಇದೇ ಗಾಂಧೀಜಿಯ ಬದುಕಿನಲ್ಲಿ ಇನ್ನೊಂದು ಘಟನೆಯಿದೆ. 1924ರ ಜನವರಿಯಲ್ಲಿ, ಯರವಡಾ ಜೈಲಿನಲ್ಲಿದ್ದಾಗ, ಅವರಿಗೆ ಕರುಳುಬಾಲದ ಉರಿಯೂತವಾಯಿತು. ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಕರ್ನಲ್ ಮ್ಯಾಡಾಕ್ ಎಂಬ ಬ್ರಿಟಿಷ್ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು. ಗಾಂಧೀಜಿ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರು. ಮಲಬದ್ಧತೆಗೆ ಮಣ್ಣಿನ ಪಟ್ಟಿ, ಕರುಳುಬಾಲದ ಉರಿಯೂತಕ್ಕೆ ಶಸ್ತ್ರ. ಹೊಟ್ಟೆ ಒಂದೇ, ಕಾಯಿಲೆ ಬೇರೆ. ನಾನು ಹೇಳಬೇಕಾದ ಮಾತಿನ ತಿರುಳು ಇಷ್ಟೇ: ಮೊದಲು ಕಾಯಿಲೆಯ ಹೆಸರು ಗೊತ್ತಾಗಲಿ, ಆಮೇಲೆ ಪಥ್ಯ ಹಿಡಿಯೋಣ.

ಈಗ ಹೊಟ್ಟೆಯ ವಿಷಯಕ್ಕೆ ಬರೋಣ. ಪ್ರಕೃತಿ ಚಿಕಿತ್ಸೆಯವರು ಬಹುಕಾಲದಿಂದ ಹೇಳುತ್ತ ಬಂದ ಒಂದು ಮಾತನ್ನು ಇಂದಿನ ವಿಜ್ಞಾನ ಬಲವಾಗಿ ಎತ್ತಿ ಹಿಡಿದಿದೆ. ಅದೇ ನಾರಿನ ಮಾತು. ನಾರನ್ನು ನಮ್ಮ ಜಠರ ಅರಗಿಸಲಾರದು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಲಕ್ಷ ಕೋಟಿಗಳ ಲೆಕ್ಕದಲ್ಲಿರುವ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಅವು ನಾರನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಸಣ್ಣ ಆಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನವೇ ಈ ಬ್ಯುಟಿರೇಟ್. ನಾವು ನಾರು ತಿನ್ನದಿದ್ದರೆ ನಮ್ಮ ಕರುಳಿನ ಗೋಡೆ ಅರೆಹೊಟ್ಟೆಯಲ್ಲಿರುತ್ತದೆ.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಮೆರಿಕದ 20 ಮಂದಿ ಕರಿಯರಿಗೆ ಎರಡು ವಾರ ಆಫ್ರಿಕದ ಹಳ್ಳಿಯ ಊಟವನ್ನೂ, ದಕ್ಷಿಣ ಆಫ್ರಿಕದ 20 ಮಂದಿ ಹಳ್ಳಿಗರಿಗೆ ಎರಡು ವಾರ ಅಮೆರಿಕದ ಊಟವನ್ನೂ ಕೊಟ್ಟರು. ಕೇವಲ ಎರಡೇ ವಾರದಲ್ಲಿ, ನಾರು ಹೆಚ್ಚು ತಿಂದವರ ಕರುಳಿನಲ್ಲಿ ಬ್ಯುಟಿರೇಟ್ ಏರಿತು, ಉರಿಯೂತದ ಗುರುತುಗಳು ಇಳಿದವು. ಮಾಂಸ, ಕೊಬ್ಬು ಹೆಚ್ಚು ತಿಂದವರಲ್ಲಿ ಇದರ ವಿರುದ್ಧವಾಯಿತು.

ದಿನಕ್ಕೆ ಎಷ್ಟು ನಾರು ಬೇಕು? ಎರಡು ಸಾವಿರ ಕ್ಯಾಲೊರಿಯ ಊಟಕ್ಕೆ ಸುಮಾರು 30 ಗ್ರಾಂ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅಂದರೆ ಮುದ್ದೆ, ಬಸ್ಸಾರು, ಹುರುಳಿಕಾಳು, ಸೊಪ್ಪಿನ ಪಲ್ಯ, ಕೋಸಂಬರಿ ಇವುಗಳ ಮುಂದೆ ದುಬಾರಿ ಡಬ್ಬದ ಪುಡಿ ಏನೂ ಅಲ್ಲ. ಆದರೆ ಇಂದಿನಿಂದಲೇ ಎಲ್ಲವನ್ನೂ ಒಟ್ಟಿಗೆ ಶುರು ಮಾಡಬೇಡಿ. ಹೊಟ್ಟೆ ಇನ್ನಷ್ಟು ಉಬ್ಬರಿಸುತ್ತದೆ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಜೊತೆಗೆ ನೀರು ಕುಡಿಯಿರಿ, ಕಾಳನ್ನು ರಾತ್ರಿ ನೆನೆಹಾಕಿ ಆ ನೀರನ್ನು ಚೆಲ್ಲಿ ಬೇಯಿಸಿ.

ಹುಳಿ ಬಂದ ಆಹಾರದ ಮಾತೂ ಹೀಗೆಯೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 36 ಮಂದಿ ಆರೋಗ್ಯವಂತರ ಮೇಲೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹತ್ತು ವಾರ ಮೊಸರಿನಂಥ ಹುದುಗಿದ ಆಹಾರ ತಿಂದವರ ಕರುಳಿನಲ್ಲಿ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು. ನಮ್ಮಲ್ಲಿ ಮಜ್ಜಿಗೆಗೆ ಬರವಿಲ್ಲ. ಇಡ್ಲಿಯ ಹಿಟ್ಟೂ ಹುದುಗಿದ್ದೇ. ಆದರೆ ಹಬೆಯಲ್ಲಿ ಬೇಯುವಾಗ ಜೀವಾಣುಗಳು ಸಾಯುತ್ತವೆ. ಅದರಿಂದ ಸಿಗುವ ಲಾಭ ಸುಲಭ ಜೀರ್ಣದ್ದು. ಬದುಕಿರುವ ಜೀವಾಣು ಬೇಕೆಂದರೆ ಊಟದ ಕೊನೆಯ ಮಜ್ಜಿಗೆಯೇ ಸರಿ.

ಇನ್ನು ಹಾರ್ಮೋನು. ಕರುಳು ಬರಿಯ ಕೊಳವೆಯಲ್ಲ. ಅದೊಂದು ಹಾರ್ಮೋನು ಕಾರ್ಖಾನೆ. ಶರೀರದ ಸೆರೊಟೋನಿನ್‌ನಲ್ಲಿ ಸುಮಾರು ಶೇಕಡಾ 90 ಭಾಗ ತಯಾರಾಗುವುದು ಅಲ್ಲಿಯೇ. ಇದನ್ನು ಹೇಳಿ "ಹೊಟ್ಟೆ ಸರಿಯಾದರೆ ಮನಸ್ಸಿನ ಖಿನ್ನತೆ ತಾನಾಗಿ ಹೋಗುತ್ತದೆ" ಎಂದು ಭರವಸೆ ಕೊಡುವವರಿದ್ದಾರೆ. ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಅದರ ಮುಖ್ಯ ಕೆಲಸ ಕರುಳಿನ ಚಲನೆ. ಖಿನ್ನತೆಗೆ ಅದರದೇ ಚಿಕಿತ್ಸೆ ಬೇಕು. ಜಿ.ಎಲ್.ಪಿ.-1 ಎಂಬ ಇನ್ನೊಂದು ಕರುಳಿನ ಹಾರ್ಮೋನು ಊಟವಾದ ಮೇಲೆ ಇನ್ಸುಲಿನ್ ಬಿಡುಗಡೆಗೆ ನೆರವಾಗುತ್ತದೆ, "ಹೊಟ್ಟೆ ತುಂಬಿತು" ಎಂದು ಮಿದುಳಿಗೆ ತಿಳಿಸುತ್ತದೆ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ಇದನ್ನೇ ಅನುಕರಿಸುತ್ತವೆ.

ದಿನಚರಿಯಿಂದ ಹಾರ್ಮೋನು ಸುಧಾರಿಸುವುದೆ ಎಂದು ಕೇಳಿದರೆ, ಕೆಲವು ಕಡೆ ಹೌದು. ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ, ಅಂದರೆ ಪಿ.ಸಿ.ಓ.ಎಸ್. ಇದ್ದು ತೂಕ ಹೆಚ್ಚಿರುವವರು ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿಸಿದರೂ ಅನೇಕರಲ್ಲಿ ಮುಟ್ಟು ಕ್ರಮಕ್ಕೆ ಬರುತ್ತದೆ. ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೆ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಬೆಳಗಿನ ಬಿಸಿಲು, ರಾತ್ರಿಯ ಕತ್ತಲೆ, ನಿಗದಿತ ವೇಳೆಯ ನಿದ್ರೆ ಇವು ಕಾರ್ಟಿಸಾಲ್, ಮೆಲಟೋನಿನ್‌ಗಳ ತಾಳವನ್ನು ಸರಿಯಾಗಿಡುತ್ತವೆ. ಆದರೆ ಥೈರಾಯ್ಡ್ ಗ್ರಂಥಿಯೇ ಹಾಳಾಗಿದ್ದರೆ ಯಾವ ರಸ, ಯಾವ ಮಣ್ಣಿನ ಪಟ್ಟಿಯೂ ಅದನ್ನು ಮತ್ತೆ ಹುಟ್ಟಿಸಲಾರದು.

ಇಲ್ಲೊಂದು ಮೋಸವಿದೆ, ದಯವಿಟ್ಟು ಗಮನಿಸಿ. ಥೈರಾಕ್ಸಿನ್ ಮಾತ್ರೆಯ ಅರ್ಧಾಂಶ ದೇಹದಿಂದ ಹೊರಹೋಗಲು ಸುಮಾರು ಏಳು ದಿನ ಬೇಕು. ಆದ್ದರಿಂದ ಯಾರಾದರೂ ಮಾತ್ರೆ ಬಿಟ್ಟು ಸೋರೆಕಾಯಿ ರಸ ಕುಡಿಯತೊಡಗಿದರೆ ಮೊದಲ ವಾರ ಏನೂ ಆಗುವುದಿಲ್ಲ. "ನೋಡಿ, ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದೇನೆ" ಎಂದು ನಾಲ್ಕು ಜನಕ್ಕೆ ಹೇಳುತ್ತಾರೆ. ವಾರಗಳು ಕಳೆದಂತೆ ಸುಸ್ತು, ಚಳಿ, ಮಲಬದ್ಧತೆ, ಕಾಲುಬಾವು ಮೆಲ್ಲನೆ ಮರಳುತ್ತವೆ. ಅಷ್ಟರಲ್ಲಿ ಆ ನಾಲ್ವರಲ್ಲಿ ಇಬ್ಬರು ತಮ್ಮ ಮಾತ್ರೆ ನಿಲ್ಲಿಸಿರುತ್ತಾರೆ. ಗರ್ಭಿಣಿಯೊಬ್ಬರು ಹೀಗೆ ಮಾಡಿದರೆ ಅಪಾಯ ಮಗುವಿಗೂ ತಟ್ಟುತ್ತದೆ. ಇನ್ಸುಲಿನ್ ಅವಲಂಬಿಸಿರುವವರು ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೇ ಸಂಚಕಾರ. ಸ್ಟೀರಾಯ್ಡ್ ಮಾತ್ರೆಯನ್ನೂ ಹಠಾತ್ತನೆ ಬಿಡುವಂತಿಲ್ಲ.

ಮಾತ್ರೆ ತಿಂದರೂ ಸುಸ್ತು ಹೋಗಲಿಲ್ಲವೆಂದರೆ, ತಿನ್ನುವ ಕ್ರಮವನ್ನೊಮ್ಮೆ ನೋಡಿ. ಥೈರಾಕ್ಸಿನ್ ಖಾಲಿ ಹೊಟ್ಟೆಯ ಮಾತ್ರೆ. ನಮ್ಮ ಮನೆಗಳಲ್ಲಿ ಮಾತ್ರೆಯ ಹಿಂದೆಯೇ ಫಿಲ್ಟರ್ ಕಾಫಿ ಬರುತ್ತದೆ! ಕಾಫಿಯಿಂದ ಅದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಅರ್ಧದಿಂದ ಒಂದು ಗಂಟೆಯ ಅಂತರವಿರಲಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ.

ಈಗ ಮೂರನೆಯ ದೂರು, ಸುಸ್ತು. ಇದು ಕಾಯಿಲೆಯ ಹೆಸರಲ್ಲ. ಮನೆಯ ಬಾಗಿಲು ಬಡಿಯುವ ಸದ್ದು. ಯಾರು ಬಂದಿದ್ದಾರೆಂದು ಬಾಗಿಲು ತೆಗೆದೇ ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿತ್ತು. ಇವರ ಸುಸ್ತಿಗೆ "ಅಡ್ರಿನಲ್ ಬಳಲಿಕೆ" ಎಂದು ಹೊಸ ಹೆಸರಿಟ್ಟು ದುಬಾರಿ ಪುಡಿ ಮಾರುವುದು ನ್ಯಾಯವಲ್ಲ. ಹಾಗೊಂದು ಕಾಯಿಲೆಯನ್ನು ಹಾರ್ಮೋನು ತಜ್ಞರು ಒಪ್ಪಿಯೇ ಇಲ್ಲ. ಹಿಮೋಗ್ಲೋಬಿನ್, ರಕ್ತದ ಸಕ್ಕರೆ, ಥೈರಾಯ್ಡ್‌ನ ಟಿ.ಎಸ್.ಎಚ್., ಬಿ-12 ಜೀವಸತ್ವ, ಈ ನಾಲ್ಕು ಪರೀಕ್ಷೆಗಳ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಬಿ-12 ಸಸ್ಯಾಹಾರಿಗಳಲ್ಲಿ ಕಡಿಮೆಯಾಗುವುದು ಸಾಮಾನ್ಯ. ಇವೆಲ್ಲ ಸರಿಯಿದ್ದೂ ಸುಸ್ತಿದ್ದರೆ ನಿದ್ರೆಯಲ್ಲಿನ ಗೊರಕೆ, ಮನಸ್ಸಿನ ಕುಗ್ಗು, ಕ್ಷಯ, ತಿನ್ನುತ್ತಿರುವ ಬೇರೆ ಮಾತ್ರೆ, ಇವುಗಳತ್ತ ವೈದ್ಯರು ನೋಡುತ್ತಾರೆ.

ಕಬ್ಬಿಣದ ಕೊರತೆ ಎಂದಾದರೆ ವೈದ್ಯರು ಕೊಟ್ಟ ಮಾತ್ರೆಯೊಂದಿಗೆ ಅಡುಗೆಮನೆಯೂ ಕೈಜೋಡಿಸಬಹುದು. ಸೊಪ್ಪು, ಕಾಳಿನ ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಕಡಿಮೆಯಾಗುತ್ತದೆ. ಕೋಸಂಬರಿಗೆ ನಿಂಬೆ ಹಿಂಡಲು ಕಲಿಸಿದ ಅಜ್ಜಿಯಂದಿರಿಗೆ ನಮಸ್ಕಾರ ಹೇಳೋಣ. ಆದರೆ ತಾಳ್ಮೆ ಬೇಕು. ಹಿಮೋಗ್ಲೋಬಿನ್ ಏರಿದ ಮೇಲೂ ದೇಹದ ಕಬ್ಬಿಣದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ.

ಕೆಲವು ಎಚ್ಚರಿಕೆಗಳು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ನುಂಗಲು ಕಷ್ಟ, ಸಂಜೆಯ ಜ್ವರ, ನಡುವಯಸ್ಸಿನ ನಂತರ ಹೊಸದಾಗಿ ಬದಲಾದ ಮಲವಿಸರ್ಜನೆ, ಇವುಗಳಲ್ಲಿ ಯಾವುದಿದ್ದರೂ ಪಥ್ಯದಲ್ಲಿ ಒಂದು ದಿನವನ್ನೂ ಕಳೆಯಬೇಡಿ. ಗಂಡಸರಲ್ಲಿ ಅಥವಾ ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆಯಾದರೆ ರಕ್ತ ಎಲ್ಲಿ ಸೋರುತ್ತಿದೆಯೆಂದು ಹುಡುಕಲೇಬೇಕು. ಕಹಿಯಾದ ಸೋರೆಕಾಯಿ ರಸವನ್ನು ಒಂದು ಗುಟುಕೂ ಕುಡಿಯಬೇಡಿ; ಅದರಲ್ಲಿನ ವಿಷದಿಂದ ರಕ್ತವಾಂತಿಯಾಗಿ ಸಾವುಗಳೂ ನಮ್ಮ ದೇಶದಲ್ಲಿ ಸಂಭವಿಸಿವೆ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು ತಾವಾಗಿ ಉಪವಾಸಕ್ಕೆ ಇಳಿಯಬಾರದು. ದೀರ್ಘ ಉಪವಾಸದಲ್ಲಿ ದೇಹ ಕ್ರಿಯಾಶೀಲ ಥೈರಾಯ್ಡ್ ಹಾರ್ಮೋನನ್ನೇ ತಗ್ಗಿಸುತ್ತದೆ; ಸುಸ್ತಿಗೆಂದು ಹಿಡಿದ ಉಪವಾಸ ಸುಸ್ತನ್ನೇ ಹೆಚ್ಚಿಸಬಹುದು. ಪದೇ ಪದೇ ಎನಿಮಾ ತೆಗೆದುಕೊಂಡರೆ ಲವಣಗಳ ಸಮತೋಲ ತಪ್ಪುತ್ತದೆ.

ಹಾಗಾದರೆ ಪ್ರಕೃತಿ ಚಿಕಿತ್ಸಾಲಯಕ್ಕೆ ಹೋಗಬಾರದೆ? ಖಂಡಿತ ಹೋಗಬಹುದು. 1989ರಲ್ಲಿ ಉಜಿರೆಯಲ್ಲಿ ಪ್ರಾರಂಭವಾದ ಕಾಲೇಜೂ ಸೇರಿದಂತೆ ಕರ್ನಾಟಕದಲ್ಲಿ ಈ ಪದ್ಧತಿಯನ್ನು ಕಲಿಸುವ ಕಾಲೇಜುಗಳಿವೆ. ಒಂದು ವರ್ಷದ ತರಬೇತಿಯೂ ಸೇರಿ ಬಿ.ಎನ್.ವೈ.ಎಸ್. ಪದವಿ ಐದೂವರೆ ವರ್ಷದ್ದು. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರಗಳನ್ನು ಓದಿದವರೇ ಅದನ್ನು ಪಡೆಯುತ್ತಾರೆ. ಪುಣೆಯಲ್ಲಿ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆಯಿದೆ. ಹೋಗುವಾಗ ನಿಮ್ಮ ರಕ್ತಪರೀಕ್ಷೆಯ ಚೀಟಿ ಮತ್ತು ತಿನ್ನುತ್ತಿರುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಅದನ್ನು ಕೇಳಿ ಓದುವವರು ಒಳ್ಳೆಯ ಚಿಕಿತ್ಸಕರು. "ಅದೆಲ್ಲ ಎಸೆಯಿರಿ" ಎನ್ನುವವರಿಗೆ ಕೈಮುಗಿದು ಹೊರಬನ್ನಿ.

ಈ ವಾರವೇ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಫಲಿತಾಂಶ ಬರುವವರೆಗೆ ರಾತ್ರಿ ಊಟವನ್ನು ಒಂದು ಗಂಟೆ ಬೇಗ ಮುಗಿಸಿ, ಸ್ವಲ್ಪ ನಡೆದು, ದೀಪ ಆರಿಸಿ ಮಲಗಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ, ಖರ್ಚೂ ಇಲ್ಲ. ಪಥ್ಯವೂ ಔಷಧಿಯೂ ಸವತಿಯರಲ್ಲ. ಒಂದೇ ಮನೆಯಲ್ಲಿ ಹೊಂದಿಕೊಂಡು ಬಾಳಬಲ್ಲವು.