ಉಪಾಧ್ಯಾಯರ ಸಮೀಪಕ್ಕೆ



ಶಾಸ್ತ್ರವಿಚಾರಕ್ಕೆ ಮೊದಲು ಇಂದು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕಾಗಿದೆ.

ಪೀಠಕ್ಕೆ ಬರುವ ಮೊದಲು ನಾವು ಕೆಲವು ವರ್ಷ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆವು. ಅಲ್ಲಿದ್ದ ವ್ಯಾಕರಣದ ಹಿರಿಯ ಶಾಸ್ತ್ರಿಗಳು ನಮಗೆ ಮೊದಲು ಗುರುಗಳು, ಅನಂತರ ಸಹೋದ್ಯೋಗಿಗಳು. ನಾವು ಪಾಠ ಹೇಳುವಾಗ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದರು. ತಪ್ಪಿದ್ದರೆ ಸಂಜೆ ನಮ್ಮನ್ನು ಏಕಾಂತದಲ್ಲಿ ಕೂರಿಸಿಕೊಂಡು ತಿದ್ದುವರು. ವಿದ್ಯಾರ್ಥಿಗಳ ಎದುರಿಗೆ ಒಂದು ದಿನವೂ ತಿದ್ದಲಿಲ್ಲ. ಅವರು ನಿವೃತ್ತರಾದಾಗ ಶಾಲು ಹೊದಿಸಿ, ಫಲ ಕೊಟ್ಟು ಕಳುಹಿಸಿದೆವು. ಆಮೇಲೆ ಪ್ರತಿವರ್ಷ ಜಾತ್ರೆಯ ಪ್ರಸಾದವನ್ನೂ ಒಂದು ಶಾಲನ್ನೂ ಯಾರ ಕೈಯಲ್ಲಾದರೂ ಕೊಟ್ಟು ಕಳುಹಿಸುತ್ತಿದ್ದೆವು. ನಾವು ಮಾತ್ರ ಹೋಗಲಿಲ್ಲ. ಹೀಗೆ ೧೧ ವರ್ಷ ಕಳೆಯಿತು.

ಕಳೆದ ಮಾಘದಲ್ಲಿ ತೀರ್ಥಹಳ್ಳಿಯ ಭಕ್ತರೊಬ್ಬರ ಗೃಹಪ್ರವೇಶಕ್ಕೆಂದು ಸಾಗರದಿಂದ ಹೊಸನಗರದ ಮೇಲೆ ಹೊರಟೆವು. ಇದು ಕೆಳದಿ ಅರಸರ ನಾಡು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿ; ಬಿದನೂರು, ಅಂದರೆ ಇಂದಿನ ನಗರ, ಹೊಸನಗರ ತಾಲ್ಲೂಕಿನಲ್ಲಿ; ಕವಲೇದುರ್ಗ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ನಗರದ ಕೋಟೆಯನ್ನು ದಾಟಿ ಮುಂದೆ ಹೋಗುವಾಗ, ಶಾಸ್ತ್ರಿಗಳ ಊರು ಇಲ್ಲೇ ಹತ್ತಿರವೆಂಬುದು ನೆನಪಾಯಿತು. ನೆನಪಾಯಿತು ಎನ್ನುವುದೇ ನಾಚಿಕೆಯ ಮಾತು.

೮೪ ವರ್ಷದ ಶಾಸ್ತ್ರಿಗಳು ಜಗಲಿಯ ಮೇಲೆ ಕುಳಿತಿದ್ದರು. ನಮ್ಮನ್ನು ಕಂಡು, ಕಂಬ ಹಿಡಿದು ಎದ್ದು, ನಮಸ್ಕರಿಸಲು ಬಾಗಿದರು. ಕಲಿಸಿದವರಿಂದ ನಮಸ್ಕಾರ ಪಡೆಯುವುದು ಹೇಗೆಂದು ನಾವು ಕೈಹಿಡಿದು ತಡೆದೆವು. ಅವರು, "ತಡೆಯಬಾರದು ಬುದ್ಧೀ, ಈ ನಮಸ್ಕಾರ ಪೀಠಕ್ಕೆ" ಎಂದು ನಮಸ್ಕರಿಸಿಯೇ ಕುಳಿತರು. ಕಾರಿನಲ್ಲಿ ಸದಾ ಇರುವ ಶಾಲುಗಳಲ್ಲಿ ಒಂದನ್ನು ತರಿಸಿ ಹೊದಿಸಿದೆವು.

"ತಾವು ಕಳುಹಿಸಿದ ಶಾಲುಗಳೆಲ್ಲ ಪೆಟ್ಟಿಗೆಯಲ್ಲಿ ಭದ್ರವಾಗಿವೆ ಬುದ್ಧೀ. ಒಂದು ಸಂದೇಹವನ್ನು ತಂದಿದ್ದರೆ ಇನ್ನೂ ಸಂತೋಷವಾಗುತ್ತಿತ್ತು" ಎಂದರು.

ನಮಗೆ ತಕ್ಷಣ ಏನೂ ತೋಚಲಿಲ್ಲ. ಆಗ ಅವರೇ ಹಿಂದಿನ ತರಗತಿಯ ಧಾಟಿಯಲ್ಲಿ, "ಉಪಾಧ್ಯಾಯ ಶಬ್ದವನ್ನು ಬಿಡಿಸಿ ಹೇಳೋಣವಾಗಲಿ" ಎಂದರು.

"ಉಪ, ಅಧಿ ಎಂಬ ಎರಡು ಉಪಸರ್ಗಗಳು, ಅಧ್ಯಯನಾರ್ಥದ ಇಙ್ ಧಾತು. ಯಾರ ಸಮೀಪಕ್ಕೆ ಹೋಗಿ ಅಧ್ಯಯನ ಮಾಡುತ್ತಾರೆಯೋ ಅವರು ಉಪಾಧ್ಯಾಯರು."

"ಸರಿ. ಸಮೀಪಕ್ಕೆ ಹೋಗಬೇಕಾದವರು ಯಾರು?"

"ಶಿಷ್ಯರು."

ಅವರು ಮುಂದೆ ಏನೂ ಕೇಳಲಿಲ್ಲ. ನಾವು ತಲೆ ತಗ್ಗಿಸಿದೆವು.

ಆಮೇಲೆ ಒಂದು ಗಂಟೆ ಪಾಠ ನಡೆಯಿತು. ಪಕ್ಕದಲ್ಲಿದ್ದ ಶಿವತತ್ತ್ವರತ್ನಾಕರವನ್ನು ತೆರೆದು, ತಾವು ಗುರುತುಹಾಕಿದ್ದ ಕಡೆಗಳನ್ನು ಒಂದೊಂದಾಗಿ ತೋರಿಸಿದರು. ಎರಡು ಕಡೆ ನಾವು ಒಪ್ಪಲಿಲ್ಲ, ವಾದಿಸಿದೆವು. ಅವರಿಗೆ ಬೇಕಾಗಿದ್ದುದು ಅದೇ. ಹೊರಡುವಾಗ ಅವರ ಸೊಸೆ, "ಮಾವನವರು ಇಷ್ಟು ಮಾತಾಡಿ ಬಹಳ ತಿಂಗಳಾಗಿತ್ತು ಬುದ್ಧೀ. ಊಟ ಆಯಿತೇ, ಔಷಧಿ ಆಯಿತೇ ಎಂದು ನಾವು ಕೇಳುತ್ತೇವೆ. ಇದನ್ನು ಕೇಳುವುದು ನಮಗೆ ಬರುವುದಿಲ್ಲ" ಎಂದರು.

ಭಕ್ತರೇ, ಕೆಳದಿಯ ಬಸವರಾಜನು ಸುಮಾರು ೧೭೦೯ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಆ ಗ್ರಂಥದಲ್ಲಿ ೯ ಕಲ್ಲೋಲಗಳು, ೧೦೮ ತರಂಗಗಳಿವೆ. ರಾಜನೀತಿಯಿಂದ ಪಾಕಶಾಸ್ತ್ರದವರೆಗೆ ಎಷ್ಟೋ ವಿದ್ಯೆಗಳು ಅಲ್ಲಿವೆ. ಅಷ್ಟು ದೊಡ್ಡ ಗ್ರಂಥವೂ ನಡೆಯುವುದು ಮಗ ಸೋಮಶೇಖರನ ಪ್ರಶ್ನೆಗೆ ತಂದೆ ಕೊಡುವ ಉತ್ತರವಾಗಿ. ಕೇಳುವವನಿದ್ದರೆ ತಾನೇ ಹೇಳುವವನಿಗೆ ಬಾಯಿ ಬರುವುದು?

ಕಚೇರಿಯ ಕಡತದಲ್ಲಿ ನಿವೃತ್ತಿಯೆಂದರೆ ಹುದ್ದೆಯಿಂದ ಬಿಡುಗಡೆ. ವಿದ್ಯೆಯಿಂದ ನಿವೃತ್ತಿಯೆಂಬುದಿಲ್ಲ. ಆ ನಿವೃತ್ತಿಯನ್ನು ಹಿರಿಯರ ಮೇಲೆ ಹೇರುವವರು ಕೇಳದೆ ಬಿಟ್ಟ ನಾವು.

ನಿಮ್ಮ ಮನೆಗಳಲ್ಲಿಯೂ ಹಿರಿಯರಿದ್ದಾರೆ. ಅಡಿಕೆಯ ಗೊನೆಗೆ ಕೊಟ್ಟೆ ಕಟ್ಟಿ ಕೊಳೆರೋಗದಿಂದ ಉಳಿಸುತ್ತಿದ್ದ ಅಜ್ಜ, ಬಾಣಂತಿಯ ಪಥ್ಯ ಬಲ್ಲ ಅಜ್ಜಿ. ಅವರಿಗೆ ಗಂಜಿ, ಕಂಬಳಿ ಕೊಡುತ್ತೀರಿ, ಕೊಡಲೇಬೇಕು. ಅದರೊಡನೆ ದಿನಕ್ಕೊಂದು ಪ್ರಶ್ನೆಯನ್ನೂ ಕೊಡಿ. ಉತ್ತರವನ್ನು ಕುಳಿತು ಕೇಳಿ.

ಈಗ ನಮ್ಮ ಪಾಠಶಾಲೆಯ ಇಬ್ಬರು ವಟುಗಳು ತಿಂಗಳಿಗೊಮ್ಮೆ ಶಾಸ್ತ್ರಿಗಳಲ್ಲಿಗೆ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದಾರೆ. ನಾವೂ ಒಮ್ಮೆ ಹೋಗಿ ಬಂದೆವು. ಈ ಸಲ ಶಾಲು ಒಯ್ಯಲಿಲ್ಲ, ಮೂರು ಸಂದೇಹಗಳನ್ನು ಬರೆದುಕೊಂಡು ಹೋಗಿದ್ದೆವು. ಎರಡಕ್ಕೆ ಉತ್ತರ ದೊರೆಯಿತು. ಮೂರನೆಯದಕ್ಕೆ, "ಮುಂದಿನ ಸಲ ದಯಮಾಡಿಸಿದಾಗ ಹೇಳುತ್ತೇನೆ" ಎಂದಿದ್ದಾರೆ.

ನಿಮಗೆಲ್ಲ ಹಿರಿಯರ ಸಮೀಪಕ್ಕೆ ಹೋಗುವ ಬುದ್ಧಿಯನ್ನೂ ಬಿಡುವನ್ನೂ ಶಿವನು ಕರುಣಿಸಲೆಂದು ಹರಸಿ ಈ ಮಾತುಗಳನ್ನು ಮುಗಿಸುತ್ತೇವೆ.